ತಪ್ಪು ಜಾಗದ ಚಪ್ಪಾಳೆ

"ಮುಂದಿನವರು ಪಿಯಾನೋ ನುಡಿಸೋರಂತೆ ಡಾಕ್ಟ್ರೇ. ಅಪಾಯಿಂಟ್‌ಮೆಂಟ್ ಇಲ್ಲ. ಕೆನ್ನೆ ಹಿಡ್ಕೊಂಡು ಕೂತಿದಾರೆ, ಸಾಯಂಕಾಲ ಪ್ರೋಗ್ರಾಮ್ ಬೇರೆ ಇದೆಯಂತೆ," ಎಂದು ನರ್ಸಮ್ಮ ಬಾಗಿಲಲ್ಲಿ ತಲೆ ಹಾಕಿ ಹೇಳಿದಾಗ ಹಲ್ಲಿನ ಡಾಕ್ಟರ್ ಕೈ ತೊಳೆಯುತ್ತಿದ್ದ. ಅವಳು ಹೋದ ಮೇಲೂ ತೊಳೆಯುತ್ತಲೇ ಇದ್ದ. ಊರಿನಲ್ಲಿ ಹಲ್ಲಿನ ಡಾಕ್ಟರುಗಳಿಗೆ ಬರಗಾಲವೇ? ಇದೇ ಬೀದಿಯ ಆ ತುದಿಯಲ್ಲಿ ಇನ್ನೊಬ್ಬನಿದ್ದಾನೆ, ಅವನ ಬೋರ್ಡಿನ ಮೇಲೆ ಕೈಕಾಲು ಬಂದ ಹಲ್ಲೊಂದು ನಗುತ್ತ ನಿಂತಿದೆ, ಅಲ್ಲಿ ಕುರ್ಚಿಗಳೂ ಹೊಸವು, ಅಲ್ಲಿಗೆ ಹೋಗಬಾರದಿತ್ತೇ. ನಲ್ಲಿಯ ಮೇಲಿನ ಕನ್ನಡಿಯಲ್ಲಿ ತನ್ನ ಮುಖವನ್ನು ಬೇರೆ ಯಾರದೋ ಎಂಬಂತೆ ಪರೀಕ್ಷಿಸಿದ. ನೆನಪಿನಲ್ಲಿ ಉಳಿಯುವಂಥ ಮುಖವೇನಲ್ಲ. ಮದುವೆಯ ದಿನ ಸ್ವಂತ ಅತ್ತೆಯೇ ಅವನನ್ನು ಫೋಟೋಗ್ರಾಫರನ ತಮ್ಮ ಎಂದುಕೊಂಡು ಪಕ್ಕಕ್ಕೆ ಸರಿಯಲು ಹೇಳಿದ್ದರು. ಆದರೂ, ಕತ್ತಲಲ್ಲಿ ಕೂತವನು ಬೆಳಕಲ್ಲಿ ಕೂತವರಿಗೆ ಕಾಣುವುದಿಲ್ಲ ಎಂದು ಇಡೀ ವಾರ ತನಗೆ ತಾನೇ ಕೊಟ್ಟುಕೊಂಡಿದ್ದ ಧೈರ್ಯ ಈಗ ಸಾಲದೆ ಬಂತು. ಆ ಪಿಯಾನೋದವರು ಅವತ್ತು ಕತ್ತು ತಿರುಗಿಸಿ ನೋಡಿದ್ದರು. ಸಭೆಯ ಕಡೆಗೆ ಸುಮ್ಮನೆ ನೋಡಿದ್ದಲ್ಲ, ಮೂರನೇ ಸಾಲನ್ನೇ ನೋಡಿದ್ದು. ಅವನು ಮಾಸ್ಕ್ ತೆಗೆದುಕೊಂಡು ಕಣ್ಣಿನ ಬುಡದವರೆಗೆ ಏರಿಸಿದ. "ಇನ್ನೂ ಯಾರೂ ಒಳಗೆ ಬಂದೇ ಇಲ್ವಲ್ಲ," ಎಂದಳು ಮತ್ತೆ ತಲೆ ಹಾಕಿದ ನರ್ಸಮ್ಮ. "ಇರ್ಲಿ," ಎಂದ.

ಹೋದ ಶನಿವಾರದ ಟಿಕೆಟ್ಟು ತಂದುಕೊಟ್ಟವಳು ನಾದಿನಿ. ಸಂಗೀತ ಶಾಲೆಯಲ್ಲಿ ಪಾಠ ಹೇಳುವವಳು, ಮನೆಗೆ ಬಂದರೂ ಪಾಠ ನಿಲ್ಲಿಸುವವಳಲ್ಲ. "ಭಾವ, ನಿಮಗೆ ಅರ್ಥ ಆಗ್ಲೇಬೇಕು ಅಂತೇನಿಲ್ಲ. ಗೊರಕೆ ಮಾತ್ರ ಹೊಡೀಬೇಡಿ," ಎಂದಿದ್ದಳು. ಹೆಂಡತಿ ನಕ್ಕಳು, ಅವನೂ ನಕ್ಕ, ನಗದಿದ್ದರೆ ಮಾತು ನಿಜವಾಗುತ್ತಿತ್ತು. ಹೀಗೆ ಗೊರಕೆ ಹೊಡೆಯಬಾರದು ಎಂಬ ಒಂದೇ ಗುರಿ ಇಟ್ಟುಕೊಂಡು ಹೋದವನು, ಮೊದಲ ಅರ್ಧ ಗಂಟೆಯನ್ನು ಡ್ರಮ್ ಬಾರಿಸುವವನ ಮುಂದೆ ಬಂದ ಹಲ್ಲುಗಳನ್ನು ನೋಡುತ್ತ, ಚಿಕ್ಕಂದಿನಲ್ಲೇ ತಂತಿ ಹಾಕಿಸಿದ್ದರೆ ಸರಿಹೋಗುತ್ತಿತ್ತಲ್ಲ, ಇವನ ಅಪ್ಪ ಅಮ್ಮ ಏನು ಮಾಡುತ್ತಿದ್ದರು ಎಂದು ಮರುಗುತ್ತ ಕಳೆದ. ಆಮೇಲೆ ಪಿಯಾನೋದವರು, ಅರವತ್ತರ ಆಸುಪಾಸಿನವರು, ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು ಮುಂದಿನದು ತಾವೇ ಕಟ್ಟಿದ್ದು ಎಂದರು. ಹೆಸರು 'ಬಂದರಿನ ಬೀದಿಯಲ್ಲಿ ಮಧ್ಯಾಹ್ನ'. ಮೈ ಜಾಝ್‌ದು, ಸೊಂಟ ಲ್ಯಾಟಿನ್‌ದು, ಹಿಮ್ಮಡಿ ಮಾತ್ರ ಸ್ಪೇನಿನ ಕಾಲು ಕುಟ್ಟುವ ಕುಣಿತ ಫ್ಲಮೆಂಕೋದ್ದು ಎಂದರು. ಜನ ನಕ್ಕು ಮುಗಿಸುವುದರೊಳಗೆ ಎಡಗೈ ಶುರುವಾಗಿತ್ತು.

ಕೆಳಗಿನ ಸ್ವರಗಳಲ್ಲಿ ಒಂದೇ ನಡೆ, ತಿರುಗಿ ತಿರುಗಿ ಅದೇ ನಡೆ, ಆದರೆ ಹೆಜ್ಜೆ ಬೀಳಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಮೊದಲೇ ಬೀಳುತ್ತಿತ್ತು, ಹಾಗಾಗಿ ಕೇಳುವವನು ಪ್ರತಿ ಸಲವೂ ಒಂದು ಚೂರು ಮುಂದಕ್ಕೆ ವಾಲಬೇಕು. ಅವನು ವಾಲಿದ. ಬೂಟಿನೊಳಗೆ ಕಾಲ್ಬೆರಳುಗಳು ಯಾರ ಅಪ್ಪಣೆಯನ್ನೂ ಕೇಳದೆ ಕುಣಿಯತೊಡಗಿದವು. ಅದರ ಮೇಲೆ ಬಲಗೈ ಬಂತು, ಮೇಲಿನಿಂದ ನಾಲ್ಕು ಮೆಟ್ಟಿಲು ದಡದಡ ಇಳಿದು, ಕೊನೆಯ ಮೆಟ್ಟಿಲಲ್ಲಿ ತಟ್ಟನೆ ನಿಂತು, ಮತ್ತೆ ಮೇಲೆ ಹೋಗಿ ಮತ್ತೆ ಇಳಿದು. ಎಡಗೈಯ ಲೆಕ್ಕವೇ ಬೇರೆ, ಇದರ ಲೆಕ್ಕವೇ ಬೇರೆ. ಇವು ಹೇಗೆ ಒಂದಾಗುತ್ತವೆ ಎಂದು ಅವನಿಗೆ ನಿಜವಾಗಿ ಆತಂಕವಾಯಿತು, ಆಪರೇಷನ್ನಿನ ಹೊರಗೆ ಕಾಯುವವರಿಗೆ ಆಗುವಂಥದು. ತನ್ನ ಎಡಗೈ ಮಂಡಿಯ ಮೇಲೆ ತಾನಾಗಿ ತಾಳ ಹಾಕುತ್ತಿರುವುದನ್ನು ನೋಡಿದ. ಇಷ್ಟು ವರ್ಷ ಕನ್ನಡಿ ಹಿಡಿಯುವುದು, ನಾಲಗೆ ಸರಿಸುವುದು ಬಿಟ್ಟು ಬೇರೇನೂ ಮಾಡದ ಕೈ ಅದು, ಬಲಗೈಯ ಆಳು, ಪಾಪ ಅನ್ನಿಸಿತು. ಸಂಗೀತ ಏರಿತು, ಬಿಸಿಯಾಯಿತು, ಡ್ರಮ್ಮಿನವನ ಹಲ್ಲು ಮರೆತೇಹೋಯಿತು, ಮತ್ತು ಎರಡೂ ಕೈ ಒಂದೇ ಏಟಿಗೆ ಒಂದೇ ಜಾಗದಲ್ಲಿ ಬಂದು ಬಿದ್ದು, ನಿಂತವು. ಅವನ ಎದೆಯಲ್ಲಿ ಏನೋ ಗಂಟು ಬಿಚ್ಚಿಕೊಂಡಿತು. ಅವನು ಚಪ್ಪಾಳೆ ತಟ್ಟಿದ.

ಒಂದೇ ಒಂದು. ಅಷ್ಟು ದೊಡ್ಡ ಸಭಾಂಗಣದಲ್ಲಿ, ಅಷ್ಟೊಂದು ಜನ ಉಸಿರು ಹಿಡಿದು ಕೂತಿದ್ದಾಗ, ಅವನ ಒಂದು ಚಪ್ಪಾಳೆ. ಎರಡನೆಯದಕ್ಕೆ ಅಗಲಿಸಿದ ಕೈಗಳು ಅಲ್ಲೇ ಗಾಳಿಯಲ್ಲಿ ನಿಂತವು. ಈಗ ಇವನ್ನು ಏನು ಮಾಡುವುದು? ಜೇಬಿಗೆ ಹಾಕಿಕೊಂಡರೆ ಕಳ್ಳತನ, ಮಡಿಲಿಗೆ ಇಳಿಸಿದರೆ ತಪ್ಪೊಪ್ಪಿಗೆ. ಅವನು ಅಂಗೈಯನ್ನು ಮುಖದ ಹತ್ತಿರ ತಂದು, ಸೊಳ್ಳೆ ಸತ್ತಿದೆಯೇ ಎಂಬಂತೆ ನೋಡಿಕೊಂಡು, ಪ್ಯಾಂಟಿಗೆ ಒರೆಸಿದ. ಪಿಯಾನೋದವರು ಕತ್ತು ತಿರುಗಿಸಿದ್ದು ಆಗಲೇ. ಮರುಗಳಿಗೆ ಅವರ ಬಲಗೈ ಬಿದ್ದ ರಭಸಕ್ಕೆ ಮುಂದಿನ ಸಾಲಿನ ಹೆಂಗಸೊಬ್ಬಳು ಬೆಚ್ಚಿದಳು, ಮತ್ತು ಅಲ್ಲಿಂದ ಕೊನೆಯವರೆಗೆ ಬಂದದ್ದು ಸಂಗೀತವೋ ಬೆಂಕಿಯೋ ಎಂದು ಜನ ಎದ್ದು ನಿಂತು ಕೂಗಿದರು. ಅವನೊಬ್ಬ ಎದ್ದು ನಿಲ್ಲಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ತನ್ನ ಪಾಲಿನದು ಮುಗಿದಿದೆ ಎಂದು ಕೂತಿದ್ದ. ಹೆಂಡತಿ ಕೂರುವಾಗ ನಡುವಿನ ಕೈಯಾಸರೆಯ ಮೇಲಿಟ್ಟಿದ್ದ ಮೊಣಕೈಯನ್ನು ಯಾವಾಗಲೋ ತನ್ನ ಕಡೆಗೆ ಎಳೆದುಕೊಂಡಿದ್ದಳು.

ಸೋಮವಾರ ಪತ್ರಿಕೆಯಲ್ಲಿ ಬಂತು. ಸಂಗೀತದ ಅಂಕಣಕಾರರು ಬರೆದಿದ್ದರು: 'ಆ ದೀರ್ಘ ಮೌನವೇ ಈ ಕೃತಿಯ ಹೃದಯ. ಮೂರನೇ ಸಾಲಿನ ಅರಸಿಕರೊಬ್ಬರ ಚಪ್ಪಾಳೆ ಆ ಹೃದಯಕ್ಕೇ ಬಿತ್ತು.' ಅರಸಿಕ ಎಂದು ನೇರವಾಗಿ ಬೈದಿದ್ದರೆ ಸಹಿಸಬಹುದಿತ್ತು, 'ಅರಸಿಕರೊಬ್ಬರು' ಎಂದು ಮರ್ಯಾದೆ ಕೊಟ್ಟು ಬೈದದ್ದು ಒಳಗೆ ಚುಚ್ಚಿತು. ನಾದಿನಿ ಫೋನು ಮಾಡಿ "ಸೊಳ್ಳೆ ಭಾವ ಇದಾರಾ?" ಎಂದು ಕೇಳಿದಳು. ಹೆಂಡತಿ ಮಾತ್ರ ಕರುಣೆ ತೋರಿಸಿದಳು, ಅದೇ ಇನ್ನೂ ಕಷ್ಟ. "ಬೇಜಾರು ಮಾಡ್ಕೋಬೇಡಿ. ನಿಮಗೆ ಬೋರಾಗಿತ್ತು, ಯಾವಾಗ ಮುಗಿಯತ್ತೋ ಅಂತ ಕಾಯ್ತಿದ್ರಿ. ಯಾರಿಗಾದ್ರೂ ಆಗತ್ತೆ." "ಬೋರಾಗಿರ್ಲಿಲ್ಲ ಕಣೇ. ನಂಗೆ ತುಂಬ ಹಿಡಿಸ್ತು." "ಆಯ್ತು ಬಿಡಿ," ಎಂದಳು, ಔಷಧಿ ಕುಡಿದೆ ಎನ್ನುವ ಮಗುವಿಗೆ ಹೇಳುವ ಧಾಟಿಯಲ್ಲಿ. ಅವನಿಗೆ ಚಪ್ಪಾಳೆಯ ನಾಚಿಕೆಗಿಂತ ಇದು ದೊಡ್ಡದಾಯಿತು. ಎಷ್ಟೋ ವರ್ಷಗಳ ಮೇಲೆ ಏನೋ ಒಂದು ಅವನನ್ನು ಕಾಲರ್ ಹಿಡಿದು ಎಬ್ಬಿಸಿತ್ತು, ಅವನು ಖುಷಿಪಟ್ಟಿದ್ದ, ಆ ಖುಷಿಯೇ ಅವನಿಗೆ ಖುಷಿಪಡಲು ಬರುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿಹೋಗಿತ್ತು. ಯಾರಾದರೂ ಒಬ್ಬರು ನಂಬಬೇಕಿತ್ತು. ಸಾಧ್ಯವಾದರೆ ಅದನ್ನು ಕಟ್ಟಿದವರೇ.

ಅದಕ್ಕಾಗಿ ಓದಿದ. ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ಫೋನಿನಲ್ಲಿ, ಲ್ಯಾಟಿನ್ ಅಮೆರಿಕದ ಸಂಗೀತದ ಮೂರು-ಎರಡರ ಏಟು, ಫ್ಲಮೆಂಕೋದ ಹನ್ನೆರಡರ ಎಣಿಕೆ, ಅದರಲ್ಲಿ ಒತ್ತು ಬೀಳುವ ಜಾಗಗಳು. ಮೂರು, ಆರು, ಎಂಟು, ಹತ್ತು, ಹನ್ನೆರಡು ಎಂದು ತೊಡೆ ತಟ್ಟಿಕೊಂಡು ಗಟ್ಟಿಮಾಡಿದ. "ಹೊಟ್ಟೆ ಸರಿ ಇಲ್ವಾ?" ಎಂದು ಹೆಂಡತಿ ಹೊರಗಿನಿಂದ ಕೇಳಿದಳು. "ಸರಿಯಾಗಿದೆ." "ಏನೋ ತಟ್ಟೋ ಸದ್ದು ಬರ್ತಿದೆಯಲ್ಲ." ಸೊಳ್ಳೆ ಎನ್ನಲು ಬಾಯಿ ಬರಲಿಲ್ಲ, ನಲ್ಲಿ ತಿರುಗಿಸಿದ.

ಈಗ ಆ ಮನುಷ್ಯರೇ ಅವನ ಕುರ್ಚಿಯಲ್ಲಿ ಮಲಗಿದ್ದರು. ಹತ್ತಿರದಿಂದ ನೋಡಿದರೆ ಸಣ್ಣ ಆಳು. ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು. "ಬಲಗಡೆ ಕೆಳಗೆ. ಯಾವ ಹಲ್ಲು ಅಂತ ಗೊತ್ತಾಗ್ತಿಲ್ಲ, ಇಡೀ ದವಡೆ ಹೊಡ್ಕೊಳ್ತಿದೆ," ಎಂದರು. ಗುರುತು ಹಿಡಿದಂತೆ ಕಾಣಲಿಲ್ಲ. ಅವನ ಎದೆ ಹಗುರಾಯಿತು, ಹಗುರಾದ ಕೂಡಲೇ ಆಸೆ ಹುಟ್ಟಿತು. ಕೆನ್ನೆಗೂ ಹಲ್ಲಿಗೂ ನಡುವೆ ಹತ್ತಿಯ ಉಂಡೆಗಳನ್ನಿಟ್ಟ, ನಾಲಗೆಯ ಮೇಲೆ ಕನ್ನಡಿ ಊರಿದ, ಅವರ ಬಾಯಿ ಪೂರ್ತಿ ತೆರೆದುಕೊಂಡಿತು. ಬಾಯಿ ತೆರೆದವರು ಎದುರು ಮಾತಾಡಲಾರರು. ಈ ವೃತ್ತಿಯಲ್ಲಿ ಅವನಿಗೆ ದಕ್ಕಿದ್ದ ದೊಡ್ಡ ಸುಖ ಅದು. ಮನೆಯಲ್ಲಿ ಯಾರೂ ಪೂರ್ತಿ ಕೇಳದ ಎಷ್ಟೋ ಮಾತುಗಳನ್ನು, ಚುನಾವಣೆಯ ಬಗ್ಗೆ, ಮಕ್ಕಳನ್ನು ಬೆಳೆಸುವ ಬಗ್ಗೆ, ಅವನು ಈ ಕುರ್ಚಿಯ ಪಕ್ಕದಲ್ಲೇ ಆಡಿ ಮುಗಿಸಿದ್ದ.

"ಶನಿವಾರ ನಿಮ್ಮ ಪ್ರೋಗ್ರಾಮ್ ಕೇಳಿದೆ ಸಾರ್," ಎಂದ, ಸಾಧಾರಣವಾದ ದನಿಯಲ್ಲಿ. "ಆ ಬಂದರಿನ ಬೀದಿ. ಎಡಗೈಯಲ್ಲಿ ಆ ಮೂರು-ಎರಡರ ಲ್ಯಾಟಿನ್ ಏಟು ಹಿಡ್ಕೊಂಡು, ಬಲಗೈಯಲ್ಲಿ ಫ್ಲಮೆಂಕೋದ ಹನ್ನೆರಡರ ಎಣಿಕೆ ತಂದಿದೀರಲ್ಲ, ಸಾಮಾನ್ಯರ ಕೈಲಿ ಆಗೋ ಕೆಲಸ ಅಲ್ಲ." "ಆಂ," ಎಂದರು ಅವರು. ಒಪ್ಪಿದರು ಎಂದು ಅವನಿಗೆ ಮೈ ಜುಮ್ಮೆಂದಿತು. "ಎರಡು ಲೆಕ್ಕಗಳ ನಡುವಿನ ಆ ತಿಕ್ಕಾಟಾನೇ ಅದರ ಜೀವಾಳ ಅಂತ ನನ್ನ ಅಭಿಪ್ರಾಯ." "ಆಂ, ಆಂ," ಎಂದರು ಅವರು, ಕಣ್ಣು ದೊಡ್ಡದು ಮಾಡಿ. ಕನ್ನಡಿಯ ಅಂಚು ನಾಲಗೆಯ ಬುಡಕ್ಕೆ ಒತ್ತುತ್ತಿದೆ ಎಂದು ನರ್ಸಮ್ಮ ಹುಬ್ಬಿನಲ್ಲೇ ಸನ್ನೆ ಮಾಡುತ್ತಿದ್ದಳು, ಅವನು ಅವಳ ಕಡೆ ನೋಡುತ್ತಿರಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮೆಚ್ಚುಗೆಯ ಕಟ್ಟೆ ಒಡೆದಿತ್ತು. "ಇನ್ನು ಆ ಮೌನ. ಆ ದೀರ್ಘ ಮೌನವೇ ಸಾರ್ ಈ ಕೃತಿಯ ಹೃದಯ," ಎಂದುಬಿಟ್ಟ. ಎಂದ ಮೇಲೆ ಇದು ಎಲ್ಲಿಯ ಮಾತು ಎಂದು ಹೊಳೆದು, ಮಾಸ್ಕಿನೊಳಗೆ ನಾಲಗೆ ಕಚ್ಚಿಕೊಂಡ. ತನ್ನನ್ನು ಅರಸಿಕ ಎಂದವರ ವಾಕ್ಯವನ್ನೇ ಕದ್ದು ತನ್ನ ರಸಿಕತೆ ತೋರಿಸಲು ಬಳಸಿದ್ದ. ಇದಕ್ಕಿಂತ ಕೆಳಗೆ ಇಳಿಯಲು ಮೆಟ್ಟಿಲಿರಲಿಲ್ಲ. ಅವರ ಎಡ ಹುಬ್ಬು ಒಮ್ಮೆ ಮೇಲೆ ಹೋಗಿ ಬಂತು.

ಮಾತು ಸಾಕು, ಕೆಲಸ ನೋಡೋಣ ಎಂದು ಕನ್ನಡಿಯನ್ನು ತಿರುಗಿಸಿ ಹಿಡಿದ. ಯಾವ ಹಲ್ಲು ಎಂದು ಗೊತ್ತಾಗದಿದ್ದಾಗ ಎಲ್ಲ ಹಲ್ಲಿನ ಡಾಕ್ಟರುಗಳೂ ಮಾಡುವುದು ಒಂದೇ: ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ತಟ್ಟುತ್ತ ಹೋಗುವುದು, ರೋಗಿ ಎಲ್ಲಿ ಹಾರಿಬೀಳುತ್ತಾನೋ ಅದೇ ಹಲ್ಲು. ಕೈಗೆ ರೂಢಿಯಾದ ಕೆಲಸ, ತಲೆ ಬೇಕಿಲ್ಲ. ತಲೆ ಇನ್ನೂ ಆ ನಾಚಿಕೆಯಲ್ಲೇ ಇತ್ತು, ಕೈ ತನ್ನ ಪಾಡಿಗೆ ತಟ್ಟತೊಡಗಿತು. ಟಕ್ ಟಕ್ ಟಕ್, ಮೂರನೆಯದಕ್ಕೆ ಒತ್ತು, ಆರನೆಯದಕ್ಕೆ ಒತ್ತು, ಎಂಟು, ಹತ್ತು, ಹನ್ನೆರಡು, ಮತ್ತೆ ಮೊದಲಿನಿಂದ, ಮುಂದಿನ ಹಲ್ಲಿನಿಂದ ಹಿಂದಿನ ಹಲ್ಲಿಗೆ, ಹಿಂದಿನಿಂದ ಮುಂದಕ್ಕೆ, ಒಂದು ವಾರ ಬಚ್ಚಲುಮನೆಯಲ್ಲಿ ಕಲಿತದ್ದೆಲ್ಲ ಅವರ ದವಡೆಯ ಮೇಲೆ. ನರ್ಸಮ್ಮ ಬಾಯಿ ಬಿಟ್ಟುಕೊಂಡು ನಿಂತಳು. ಪಿಯಾನೋದವರ ಕಣ್ಣುಗಳು ಸೂರಿನಿಂದ ಇಳಿದು ಅವನ ಕೈಯ ಮೇಲೆ, ಕೈಯಿಂದ ಮಾಸ್ಕಿನ ಮೇಲೆ ಬಂದವು. ಕೈ ಏರಿತು, ಅವಸರಿಸಿತು, ಅವತ್ತಿನ ಆ ಜಾಗಕ್ಕೆ ಬಂದು ನಿಂತಿತು. ನಿಶ್ಶಬ್ದ. ಆಮೇಲೆ ಅದೇ ಕೈ, ಯಾರೂ ಕೇಳದಿದ್ದರೂ, ಒಂದೇ ಒಂದು ಏಟು ಹೊಡೆಯಿತು, ಕೊನೆಯಿಂದ ಎರಡನೆಯ ದವಡೆ ಹಲ್ಲಿನ ಮೇಲೆ.

ಪಿಯಾನೋದವರು ಕಿರುಚಿದರು. ಹಲ್ಲು ಸಿಕ್ಕಿತ್ತು. ಬಾಯಿಯೊಳಗಿನ ಹತ್ತಿಯನ್ನು ಅವರೇ ಉಗಿದು, ಎದ್ದು ಕೂತು, ಅವನನ್ನು ನೆಟ್ಟಗೆ ನೋಡಿದರು.

"ಮೂರನೇ ಸಾಲು," ಎಂದರು. "ಸೊಳ್ಳೆ ಹೊಡೆದೋರು."

"ಯಾವ ಸೊಳ್ಳೆ?" ಎಂದ ಅವನು. ಇಪ್ಪತ್ತು ವರ್ಷದ ವೃತ್ತಿಗೌರವವೆಲ್ಲ ಸೇರಿ ಅವನಿಗೆ ಒದಗಿಸಿದ ಉತ್ತರ ಅಷ್ಟೇ. ನರ್ಸಮ್ಮ ಇಂಜೆಕ್ಷನ್ ತರುತ್ತೇನೆಂದು ಹೊರಗೆ ಹೋದಳು, ಇಂಜೆಕ್ಷನ್ ಒಳಗೇ ಇತ್ತು. ಅವನು ಮಾಸ್ಕನ್ನು ಕೆಳಗೆ ಎಳೆದ. "ನಾನೇ ಸಾರ್. ತಪ್ಪಾಯ್ತು. ನಿಮ್ಮ ಮೌನಾನ ನಾನು ಹಾಳು ಮಾಡಿದೆ."

"ಯಾವ ಮೌನ?" ಎಂದರು ಅವರು, ಕೆನ್ನೆ ಹಿಡಿದುಕೊಂಡು. "ಅದು ಮೌನ ಅಲ್ಲ ಡಾಕ್ಟ್ರೇ, ಹಲ್ಲು. ಇದೇ ಹಲ್ಲು. ಎರಡೂ ಕೈ ಬಂದು ಬೀಳೋ ಜಾಗದಲ್ಲಿ ನಾನು ಹಲ್ಲು ಕಚ್ತೀನಿ, ಅಭ್ಯಾಸ. ಕಚ್ಚಿದೆ. ಪ್ರಾಣ ಹೋಯ್ತು. ಮುಂದೇನು ನುಡಿಸ್ಬೇಕು ಅನ್ನೋದೇ ಮರ್ತುಹೋಯ್ತು. ಬಾಸ್ ಗಿಟಾರ್‌ನವನು ನನ್ನ ಮುಖ ನೋಡ್ತಾನೆ, ಡ್ರಮ್‌ನವನು ನೋಡ್ತಾನೆ, ನಾನು ಯಾರ ಮುಖ ನೋಡ್ಲಿ? ಎದ್ದು ಹೋಗ್ಬಿಡೋಣ ಅಂತಿದ್ದೆ. ಅಷ್ಟರಲ್ಲಿ ನೀವು ತಟ್ಟಿದ್ರಿ. ನನಗೆ ಎಷ್ಟು ಸಿಟ್ಟು ಬಂತು ಗೊತ್ತಾ? ಆ ಸಿಟ್ಟಿಗೆ ಕೈ ಬಿತ್ತು. ಕೊನೇ ಭಾಗ ಬರ್ಕೊಂಡಿದ್ದೇ ಬೇರೆ, ಅವತ್ತು ಬಂದಿದ್ದೇ ಬೇರೆ. ಅದಕ್ಕೇ ಜನ ಎದ್ದು ನಿಂತಿದ್ದು."

ಅವನಿಗೆ ಸಂತೋಷವಾಗಬೇಕಿತ್ತು. ಮೊದಲು ಆದದ್ದು ಹೊಟ್ಟೆಯುರಿ. ಒಂದು ವಾರ, ಇಡೀ ಒಂದು ವಾರ, ಒಂದು ಹುಳುಕು ಹಲ್ಲಿಗಾಗಿ ಅವನು ತಲೆ ತಗ್ಗಿಸಿಕೊಂಡು ಓಡಾಡಿದ್ದ! ಆ ಅಂಕಣಕಾರರು ಹೃದಯ ಎಂದದ್ದು ಕೊನೆಯಿಂದ ಎರಡನೆಯ ದವಡೆ ಹಲ್ಲು! ನಾದಿನಿ ಅದರ ಬಗ್ಗೆ ಶಾಲೆಯ ಮಕ್ಕಳಿಗೆ ಪಾಠ ಮಾಡಿದ್ದಾಳೆ! ನಗು ಬಂತು. ಅವರು ಮತ್ತೆ ಒರಗಿ ಬಾಯಿ ತೆರೆದರು, ಅವನು ಇಂಜೆಕ್ಷನ್ ಕೊಟ್ಟ, ಮರಗಟ್ಟುವವರೆಗೆ ಇಬ್ಬರೂ ಕಾಯಬೇಕಾಯಿತು. ತುಟಿಯ ಬಲಗಡೆ ನಿಧಾನವಾಗಿ ಜೋಲತೊಡಗಿದಾಗ ಅವರು ಕೇಳಿದರು, "ಅದ್ಸರಿ, ಯಾಕೆ ತಟ್ಟಿದ್ರಿ? ಮುಗೀತು ಅಂದ್ಕೊಂಡ್ರಾ?"

ಮೂರು-ಎರಡು, ಹನ್ನೆರಡು, ಯಾವುದೂ ನೆನಪಿಗೆ ಬರಲಿಲ್ಲ. "ಮುಗೀತು ಅಂತಲ್ಲ ಸಾರ್," ಎಂದ. "ನಂಗೆ ಹೇಗೆ ಕೇಳಿಸ್ತು ಅಂದ್ರೆ... ಆ ಎಡಗೈ ಇದೆಯಲ್ಲ, ಅದು ಗಂಡ. ಪೇಟೆಯಿಂದ ಚೀಲ ಹಿಡ್ಕೊಂಡು, ಯಾವ ಅವಸರಾನೂ ಇಲ್ದೆ, ಬಿಸಿಲಲ್ಲಿ ತೂಗಾಡ್ತಾ ಮನೆಗೆ ಬರ್ತಿದಾನೆ. ಬಲಗೈ ಹೆಂಡ್ತಿ. ಮೇಲಿಂದ ದಡದಡ ಇಳಿದು ಬಾಗಿಲಿಗೆ ಬಂದು, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ ಅಂತ ಕಾಲು ಕುಟ್ತಾಳೆ. ಅವನು ಉತ್ತರಾನೇ ಕೊಡಲ್ಲ, ನಡೀತಾನೇ ಇದಾನೆ. ಅವಳಿಗೆ ಇನ್ನೂ ಸಿಟ್ಟು. ಇವರಿಬ್ರೂ ಒಂದೇ ಮನೇಲಿ ಹೇಗೆ ಬಾಳ್ತಾರೋ ಅಂತ ನಂಗೆ ಚಿಂತೆ ಹತ್ಕೊಂಡ್ಬಿಟ್ಟಿತ್ತು. ಆಮೇಲೆ ಇಬ್ರೂ ಒಟ್ಟಿಗೆ ಬಂದು ಹೊಸ್ತಿಲಲ್ಲಿ ನಿಂತ್ರಲ್ಲ. ರಾಜಿ ಆಯ್ತು ಅಂದ್ಕೊಂಡೆ ಸಾರ್. ಖುಷಿಗೆ ತಟ್ಟಿದೆ."

ಅವರು ಸೂರಿನ ದೀಪವನ್ನು ನೋಡುತ್ತ, ಎದೆಯ ಮೇಲಿಟ್ಟುಕೊಂಡ ಎಡಗೈಯ ಬೆರಳುಗಳನ್ನು ಒಂದು ಸಲ ಆಡಿಸಿದರು, ಆಮೇಲೆ ಬಲಗೈಯವನ್ನು. "ರಾಜಿ ಆಗಿರ್ಲಿಲ್ಲ," ಎಂದರು ಕೊನೆಗೆ, ಅರ್ಧ ಬಾಯಲ್ಲಿ. "ಆಮೇಲೆ ಗೊತ್ತಾಯ್ತು," ಎಂದ ಅವನು. ಅವರ ಹೊಟ್ಟೆ ಕುಲುಕತೊಡಗಿತು, ಮರಗಟ್ಟಿದ ಕಡೆ ಹಾಗೇ ಇದ್ದು ಇನ್ನೊಂದು ಕಡೆಯಲ್ಲಷ್ಟೇ ನಕ್ಕರು, ಅವನೂ ನಕ್ಕ, ನಗು ಇಳಿದ ಮೇಲೆ ಡ್ರಿಲ್ ಹಿಡಿದು ಕೆಲಸ ಶುರುಮಾಡಿದ. ಬೇರಿನವರೆಗೆ ಹೋಗಿ ಶುಚಿ ಮಾಡಿ ಮುಚ್ಚಿದ. ಅಷ್ಟು ಜತನದಿಂದ ಅವನು ತನ್ನ ಹೆಂಡತಿಯ ಹಲ್ಲನ್ನೂ ನೋಡಿರಲಿಲ್ಲ.

ಹೋಗುವಾಗ ಅವರು ಬಾಗಿಲಲ್ಲಿ ನಿಂತರು. "ಇವತ್ತು ಮತ್ತೆ ಅದನ್ನೇ ನುಡಿಸ್ಬೇಕು. ಪತ್ರಿಕೆಯಲ್ಲಿ ಬಂದ್ಮೇಲೆ ಆ ಮೌನ ಇರ್ಲೇಬೇಕಂತೆ, ಪ್ರೋಗ್ರಾಮ್ ಏರ್ಪಡಿಸಿದವರು ಹಟ ಹಿಡಿದಿದಾರೆ. ಹಲ್ಲುನೋವಿಲ್ದೆ ಎಷ್ಟು ಹೊತ್ತು ಸುಮ್ನಿರ್ಬೇಕು ಅಂತ ನಂಗೇನು ಗೊತ್ತು? ಮೌನ ಮುರಿದು ನಾನೇ ಶುರು ಮಾಡಿದ್ರೆ ಬರೆದಿಟ್ಟು ಒಪ್ಪಿಸಿದ ಹಾಗಾಗತ್ತೆ. ನೀವು ಬನ್ನಿ. ಅದೇ ಜಾಗದಲ್ಲಿ ಕೂತ್ಕೊಳ್ಳಿ. ತಟ್ಟಿ."

"ಆಗಲ್ಲ ಸಾರ್," ಎಂದ, ಕೂಡಲೇ. "ನಂಗೆ ಸಂಸಾರ ಇದೆ."

"ನಿಮ್ಮ ಖುಷಿಗೆ ತಟ್ಟಿ ಅಂತ ಹೇಳ್ತಿದೀನಿ, ನನಗೋಸ್ಕರ ಅಲ್ಲ," ಎಂದು ಅವರು ಹೊರಟರು.

ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ, ಹಲ್ಲಿನಿಂದ ಹಿಡಿದು ಆಹ್ವಾನದವರೆಗೆ. ಗಂಡ ಹೆಂಡತಿಯ ಮಾತನ್ನು ಮಾತ್ರ ಬಿಟ್ಟ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು. "ಅವರಾಗೇ ಕೇಳಿದ್ರಾ, ನೀವು ಕೇಳ್ಕೊಂಡ್ರಾ?" "ಅವರಾಗೇ." "ಇಂಜೆಕ್ಷನ್ ಕೊಟ್ಮೇಲೆ ಕೇಳಿದ್ದಾ, ಕೊಡೋಕೆ ಮುಂಚೇನಾ?" ಅವನು ನಿಜ ಹೇಳಿದ. "ಅದೇ ಅಂದ್ಕೊಂಡೆ," ಎಂದಳು. "ತಮಾಷೆಗೆ ಹೇಳಿರ್ತಾರೆ ರೀ. ದೊಡ್ಡೋರು ಹಾಗೇ, ಎದುರಿಗಿರೋರಿಗೆ ಬೇಜಾರಾಗ್ಬಾರ್ದು ಅಂತ ಏನಾದ್ರೂ ಅಂತಾರೆ. ನೀವು ನಂಬ್ಕೊಂಡು ಮತ್ತೆ ಮಾನ ಹರಾಜು ಹಾಕ್ಬೇಡಿ. ನಿಮ್ಮನ್ನ ಒಬ್ರನ್ನೇ ಕಳ್ಸಲ್ಲ, ನಾನೂ ಬರ್ತೀನಿ." ಕಾವಲಿಗೆ ಬರುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಅಷ್ಟಾದರೂ ಬರುತ್ತಾಳಲ್ಲ ಎಂದೂ ಅನ್ನಿಸಿತು, ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಸಭಾಂಗಣ ಕಿಕ್ಕಿರಿದಿತ್ತು. ಜನ ಬಂದದ್ದೇ ಆ ಮೌನಕ್ಕೆ. ಮುಂದಿನ ಸಾಲಿನಲ್ಲಿ ಅಂಕಣಕಾರರು ಈಗಿನಿಂದಲೇ ಕಣ್ಣು ಮುಚ್ಚಿ ಅಣಿಯಾಗಿದ್ದರು, ಹಿಂದೆಲ್ಲೋ ನಾದಿನಿ ತನ್ನ ಶಾಲೆಯ ಮಕ್ಕಳ ಬಾಯಿಗೆ ಬೀಗ ಹಾಕಿಸುತ್ತಿದ್ದಳು. ಹೆಂಡತಿ ಕೂತ ಕೂಡಲೇ ತನ್ನ ಕೈಚೀಲ, ಶಾಲು, ನೀರಿನ ಬಾಟಲಿ ಎಲ್ಲವನ್ನೂ ಅವನ ಮಡಿಲಿಗೆ ಹಾಕಿ, "ಹಿಡ್ಕೊಂಡಿರಿ," ಎಂದಳು. ಅವನ ಎರಡೂ ಕೈ ತುಂಬಿದವು. ಬಂದರಿನ ಬೀದಿ ಶುರುವಾಗುವವರೆಗೂ ಅವನು ಲೆಕ್ಕ ಹಾಕುತ್ತಲೇ ಇದ್ದ: ಬಾಟಲಿಯನ್ನು ಕಾಲಸಂದಿಗೆ ಇಳಿಸಬೇಕು, ಚೀಲವನ್ನು ಪಕ್ಕಕ್ಕೆ ಸರಿಸಬೇಕು, ತಟ್ಟಬೇಕೋ ಬೇಡವೋ, ತಟ್ಟಿದರೆ ಹೆಂಡತಿ ಇನ್ನು ಜನ್ಮದಲ್ಲಿ ಜೊತೆಗೆ ಹೊರಡುವುದಿಲ್ಲ, ತಟ್ಟದಿದ್ದರೆ ಅವರೊಬ್ಬರು ಅಲ್ಲಿ ಒಂಟಿ. ಎಡಗೈ ಶುರುವಾಯಿತು. ಬಿಸಿಲು ಬಂತು, ಚೀಲ ಹಿಡಿದವನು ತೂಗಾಡುತ್ತ ಬಂದ, ಮತ್ತು ಲೆಕ್ಕವೆಲ್ಲ ಎಲ್ಲಿಗೋ ಹೋಯಿತು. ನಾಲ್ಕು ಮೆಟ್ಟಿಲು ಇಳಿದು ಅವಳು ಬಂದಳು. ಇವತ್ತು ಅವಳ ಸಿಟ್ಟಿನ ಕೆಳಗೆ ಇನ್ನೇನೋ ಇತ್ತು, ಹೋದ ವಾರ ಅವನಿಗೆ ಕೇಳಿಸಿರದ್ದು: ಅವಳು ಕಾದಿದ್ದಳು, ಬೆಳಗಿನಿಂದ ಕಿಟಕಿಯಲ್ಲಿ ನಿಂತು ಕಾದಿದ್ದಳು, ಅದಕ್ಕೇ ಅಷ್ಟು ಕೂಗು. ಅವನ ಕಣ್ಣು ಮಂಜಾಯಿತು. ಇಬ್ಬರೂ ಹೊಸ್ತಿಲಿಗೆ ಬಂದರು, ಬಿದ್ದರು, ನಿಂತರು.

ಸಭೆಯೆಲ್ಲ ಭಕ್ತಿಯಿಂದ ಉಸಿರು ಹಿಡಿಯಿತು. ಅವನು ಹೊಸ್ತಿಲಲ್ಲಿ ನಿಂತ ಆ ಇಬ್ಬರನ್ನೇ ನೋಡುತ್ತಿದ್ದ. ಯಾರು ಮೊದಲು ಬಾಯಿ ಬಿಡುತ್ತಾರೆ, ಅವನೋ, ಅವಳೋ. ಚಪ್ಪಾಳೆ ಎಂಬುದೊಂದಿದೆ, ಅದು ತನ್ನ ಕೆಲಸ ಎಂಬುದು ಅವನ ತಲೆಯಲ್ಲೇ ಇರಲಿಲ್ಲ. ಮಡಿಲಿನ ಕೈಚೀಲವನ್ನು ಎದೆಗೆ ಅವುಚಿಕೊಂಡು ಕಾಯುತ್ತಿದ್ದ. ಮೌನ ಉದ್ದವಾಯಿತು. ಡ್ರಮ್ಮಿನವನು ಕೋಲುಗಳನ್ನು ಎತ್ತಿ ಇಳಿಸಿದ. ಯಾರೋ ಕೆಮ್ಮಲು ಹೋಗಿ ನುಂಗಿಕೊಂಡರು. ಪಿಯಾನೋದವರು ನಿಧಾನವಾಗಿ ಕತ್ತು ತಿರುಗಿಸಿ ಮೂರನೇ ಸಾಲನ್ನು ನೋಡಿದರು, ಅಲ್ಲಿ ಅವನನ್ನು ಹುಡುಕಿ, ಹುಬ್ಬು ಏರಿಸಿದರು. ಅವನು ನೋಡಲಿಲ್ಲ. ನೋಡಿದವಳು ಅವನ ಹೆಂಡತಿ. ಅವಳು ಅವರನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಅವರನ್ನು ನೋಡಿದಳು. ಅವನು ಹೇಳಿದ್ದೆಲ್ಲ ನಿಜ ಎಂದು ಅವಳಿಗೆ ಒಮ್ಮೆಲೇ ಗೊತ್ತಾಯಿತು.

"ರೀ! ಅವರು ನಿಮ್ಮನ್ನೇ ಕಾಯ್ತಿದಾರೆ, ತಟ್ರೀ!"

ಪಿಸುಮಾತು ಎಂದೇ ಅವಳು ಹೇಳಿದ್ದು. ಆದರೆ ಅಂಥ ನಿಶ್ಶಬ್ದದಲ್ಲಿ ಅದು ಕೊನೆಯ ಸಾಲಿನವರೆಗೂ ಹೋಗಿ, ಗೋಡೆಗೆ ತಾಗಿ, ವಾಪಸು ಬಂತು. ಅಂಕಣಕಾರರ ಕಣ್ಣು ಫಕ್ಕನೆ ತೆರೆದುಕೊಂಡಿತು. ಪಿಯಾನೋದವರು ತಲೆಯನ್ನು ಹಿಂದಕ್ಕೆ ವಾಲಿಸಿ ನಕ್ಕೇಬಿಟ್ಟರು, ಸೊಟ್ಟ ತುಟಿಯಲ್ಲಿ, ಸದ್ದಾಗಿ, ಮತ್ತು ನಗುನಗುತ್ತಲೇ ಅವರ ಎರಡೂ ಕೈ ಪಿಯಾನೋದ ಮೇಲೆ ಬಿದ್ದವು. ಇವತ್ತು ಬೆಂಕಿಯಲ್ಲ. ಜಗಳದ ನಡುವೆ ಒಬ್ಬರಿಗೆ ನಗು ಬಂದು, ತಡೆದುಕೊಳ್ಳಲಾರದೆ, ಇನ್ನೊಬ್ಬರಿಗೂ ಬಂದರೆ ಹೇಗೆ ಮನೆಯೆಲ್ಲ ಅದುರುತ್ತದೋ ಹಾಗೆ ಅದು ಹೊರಟಿತು, ಬಾಸ್ ಗಿಟಾರಿನವನು ಓಡಿಬಂದು ಸೇರಿಕೊಂಡ, ಡ್ರಮ್ಮಿನವನು ಹಲ್ಲೆಲ್ಲ ತೋರಿಸುತ್ತ ಬಾರಿಸಿದ.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಗ್ಗಿ ಕೂತಿದ್ದಳು. ಕಿವಿಯವರೆಗೆ ಕೆಂಪಾಗಿದ್ದಳು. ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ತಿರುಗಿ ಅವಳನ್ನು ಹುಡುಕುತ್ತಿದ್ದವು. "ಹಾಳು ಮಾಡ್ಬಿಟ್ನಲ್ಲ ರೀ," ಎಂದಳು, ಈ ಸಲ ನಿಜವಾಗಿಯೂ ಪಿಸುದನಿಯಲ್ಲಿ, ಅಳು ಬರುವಂತಿದ್ದಳು. ಅವನು ಚೀಲವನ್ನೂ ಶಾಲನ್ನೂ ಬಾಟಲಿಯನ್ನೂ ನೆಲಕ್ಕೆ ಸುರಿದು, ಖಾಲಿಯಾದ ಕೈಯಿಂದ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡ. ಒಂದು ವಾರ ಅವನು ಯಾರ ಬಾಯಿಂದಲಾದರೂ ಕೇಳಬೇಕೆಂದು ಕಾದಿದ್ದ ಮಾತನ್ನು ಅವಳಿಗೆ ಹೇಳಿದ.

"ಏನೂ ಹಾಳಾಗಿಲ್ಲ ಕಣೇ. ಕೇಳು."